ನೆಟ್‌ವರ್ಕ್ ಹೋದಾಗ ಶಾಲಾ ಗ್ರಂಥಾಲಯ ಮುಚ್ಚಬೇಕಿಲ್ಲ

ಮಾನ್ಯ ಸಂಪಾದಕರೇ,

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಹಲವು ಶಾಲೆಗಳಲ್ಲಿ ಗ್ರಂಥಾಲಯದ ಪುಸ್ತಕ ವಿತರಣೆ ಈಗ ಕಂಪ್ಯೂಟರಿನ ಮೂಲಕವೇ ನಡೆಯುತ್ತಿದೆ. ಪುಸ್ತಕಕ್ಕೊಂದು ಬಾರ್‌ಕೋಡ್, ಮಗುವಿನ ಗುರುತಿನ ಚೀಟಿಗೆ ಇನ್ನೊಂದು. ಎರಡನ್ನೂ ಸ್ಕ್ಯಾನರಿಗೆ ಹಿಡಿದರೆ ಯಾವ ಪುಸ್ತಕ ಯಾರ ಕೈಗೆ ಹೋಯಿತು, ಯಾವ ದಿನ ಮರಳಬೇಕು ಎಂಬುದು ದಾಖಲಾಗಿಬಿಡುತ್ತದೆ. ಶಾಲಾ ಗ್ರಂಥಾಲಯದ ಹೊಣೆ ಹೊತ್ತು ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು ಈ ವ್ಯವಸ್ಥೆಯನ್ನು ಮನಸಾರೆ ಸ್ವಾಗತಿಸಿದವಳು, ಇಂದಿಗೂ ಅದರ ಪರವಾಗಿ ಇರುವವಳು. ಆದರೆ ಮಳೆಗಾಲ ಹಿಡಿದೊಡನೆ ನಮ್ಮ ಶಾಲೆಗಳಲ್ಲಿ ಒಂದು ಮಾತು ಯಾರೂ ಬರೆಯದ ನಿಯಮದಂತೆ ಜಾರಿಗೆ ಬಂದುಬಿಡುತ್ತದೆ: ‘ನೆಟ್‌ವರ್ಕ್ ಇಲ್ಲ, ಇವತ್ತು ಪುಸ್ತಕ ಕೊಡುವುದಿಲ್ಲ.’ ಈ ನಿಯಮ ಅನಗತ್ಯ, ಮಕ್ಕಳಿಗೆ ಅನ್ಯಾಯ ಮಾಡುವಂಥದ್ದು, ಮತ್ತು ಸ್ವಲ್ಪ ಪೂರ್ವಸಿದ್ಧತೆಯಿಂದ ಪೂರ್ತಿಯಾಗಿ ತಪ್ಪಿಸಬಹುದಾದದ್ದು ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಒಂದು ದಿನ ಪುಸ್ತಕ ಸಿಗದಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಶಾಲೆಯ ವೇಳಾಪಟ್ಟಿಯಲ್ಲಿ ಒಂದು ತರಗತಿಗೆ ಗ್ರಂಥಾಲಯದ ಅವಧಿ ಸಾಮಾನ್ಯವಾಗಿ ಸಿಗುವುದು ವಾರಕ್ಕೆ ಒಂದು, ಅದೂ 40 ನಿಮಿಷ. ಆ ಹೊತ್ತಿಗೆ ಸರಿಯಾಗಿ ಇಂಟರ್‌ನೆಟ್ ಕೈಕೊಟ್ಟರೆ ಎಂಟನೆಯ ತರಗತಿಯ ಮಗು ಮುಂದಿನ ವಾರದವರೆಗೆ ಕಾಯಬೇಕು. ಮುಂದಿನ ವಾರ ಅದೇ ದಿನ ಭಾರೀ ಮಳೆಯೆಂದು ಜಿಲ್ಲಾಧಿಕಾರಿಗಳು ರಜೆ ಸಾರಿದರೆ, ಅದರ ಮರುವಾರ ಕಿರುಪರೀಕ್ಷೆಯ ಕಾರಣಕ್ಕೆ ಅವಧಿಯನ್ನು ಗಣಿತದವರು ಕೇಳಿ ಪಡೆದರೆ, ಕೈಯಲ್ಲೊಂದು ಕಥೆ ಪುಸ್ತಕವಿಲ್ಲದೆ ತಿಂಗಳೇ ಕಳೆದುಹೋಗುತ್ತದೆ. ಅಂಗಳಕ್ಕಿಳಿದು ಆಡಲಾಗದ ಆಟಿ ತಿಂಗಳಿನ (ಜುಲೈ–ಆಗಸ್ಟ್) ಸಂಜೆಗಳಲ್ಲಿ ಮಕ್ಕಳಿಗೆ ಓದುವ ಹಂಬಲ ಹೆಚ್ಚು ಎಂಬುದನ್ನು ನಾನು ವರ್ಷವೂ ಕಾಣುತ್ತೇನೆ. ಪುಸ್ತಕ ಸಿಗದೆ ಮರಳುವುದು ಹೆಚ್ಚಾಗಿ ಅದೇ ತಿಂಗಳಲ್ಲಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು ಎಂದು ನಾವೆಲ್ಲ ಹೆಮ್ಮೆಪಟ್ಟಿದ್ದೇವೆ. ಅಂಕಗಳ ಬಗ್ಗೆ ಇರುವ ಕಾಳಜಿಯ ಒಂದು ಪಾಲು ಪಠ್ಯದಾಚೆಯ ಓದಿಗೂ ಸಿಗಲಿ ಎಂಬುದು ನನ್ನ ಆಸೆ.

ನಮ್ಮಲ್ಲಿ ಸಂಪರ್ಕ ಕಡಿಯುವುದಕ್ಕೆ ಕಾರಣಗಳು ಒಂದೆರಡಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾಗುತ್ತದೆ, ಕಂಬ ವಾಲುತ್ತದೆ. ಹೆಬ್ರಿ, ಕಾರ್ಕಳದಂಥ ಘಟ್ಟದ ಬುಡದ ಊರುಗಳಲ್ಲಿ ಕಾಡಿನ ನಡುವೆ ಹಾದುಬರುವ ಮಾರ್ಗ ಸರಿಯಾಗುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಮಳೆ ಬಿಟ್ಟ ಮೇಲೆ ಹೆದ್ದಾರಿ ಬದಿಯಲ್ಲಿ ಅಗೆತ ಶುರುವಾದರೆ ನೆಲದಡಿಯ ಕೇಬಲ್‌ಗಳ ಸರದಿ. ಅಕ್ಟೋಬರ್ ಸಂಜೆಗಳ ಗುಡುಗು ಸಿಡಿಲಿಗೆ ಮೋಡೆಮ್ ಸುಟ್ಟುಹೋಗುವುದು ಇಲ್ಲಿನ ಮನೆಮನೆಗೂ ಗೊತ್ತಿರುವ ಸಂಗತಿ. ಹೀಗಿರುವಾಗ ಸಂಪರ್ಕ ಕಡಿತವನ್ನು ಅನಿರೀಕ್ಷಿತ ಆಪತ್ತು ಎಂದು ಕರೆಯುವುದು ಸರಿಯಲ್ಲ. ಮಕ್ಕಳ ಕೊಡೆ ಇಡಲು ಜಾಗ ಮಾಡಿದಷ್ಟೇ ಸಹಜವಾಗಿ ಇದಕ್ಕೂ ಜೂನ್ ಒಂದಕ್ಕೆ ಮೊದಲೇ ಏರ್ಪಾಡು ಮಾಡಿರಬೇಕು.

ಮೊದಲು ನೋಡಬೇಕಾದದ್ದು, ನಿಂತಿರುವುದು ಯಾವುದು ಎಂಬುದನ್ನು. ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ: ಕರೆಂಟು ಹೋಗಿರಬಹುದು, ಹೊರಗಿನ ಇಂಟರ್‌ನೆಟ್ ಕಡಿದಿರಬಹುದು, ಶಾಲೆಯೊಳಗಿನ ಕೇಬಲ್ ಅಥವಾ ವೈಫೈ ಕೆಟ್ಟಿರಬಹುದು, ದೂರದ ಸರ್ವರೇ ನಿಂತಿರಬಹುದು. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದ ಆರಂಭದಲ್ಲಿ ಬಳಕೆಗೆ ಬಂದ, ಉಚಿತವಾಗಿ ಸಿಗುವ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶವನ್ನು ಶಾಲೆಯದೇ ಒಂದು ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡಿದ್ದರೆ, ಹೊರಗಿನ ಇಂಟರ್‌ನೆಟ್ ಹೋದರೂ ಪುಸ್ತಕ ವಿತರಣೆಗೆ ಏನೂ ಬಾಧೆಯಿಲ್ಲ. ಅದೇ ತಂತ್ರಾಂಶ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ‘ಇ-ಗ್ರಂಥಾಲಯ’ ತಂತ್ರಾಂಶದ ಈಚಿನ ಆವೃತ್ತಿ ದೂರದ ಸರ್ವರಿನಲ್ಲಿ, ಅಂದರೆ ಕ್ಲೌಡ್‌ನಲ್ಲಿ ಇದ್ದರೆ, ಇಂಟರ್‌ನೆಟ್ ಹೋದ ಕ್ಷಣವೇ ಮೇಜು ಸ್ತಬ್ಧ. ಎರಡಕ್ಕೂ ಅದರದರ ಅನುಕೂಲವಿದೆ. ಶಾಲೆಯೊಳಗಿನ ಸರ್ವರಿಗೆ ದಿನವೂ ಬ್ಯಾಕಪ್ ತೆಗೆಯುವವರು ಬೇಕು, ಸಿಡಿಲು ಬರುವಾಗ ಪ್ಲಗ್ ಕೀಳುವವರು ಬೇಕು. ಕ್ಲೌಡ್‌ಗೆ ಅದು ಬೇಡ. ಗ್ರಂಥಾಲಯದ ಹೊಣೆ ಹೊತ್ತವರಿಗೆ ತಮ್ಮದು ಯಾವ ಬಗೆಯದು ಎಂಬುದಾದರೂ ಗೊತ್ತಿರಬೇಕಲ್ಲವೇ? ಎಷ್ಟೋ ಕಡೆ ಅದೂ ತಿಳಿದಿರುವುದಿಲ್ಲ. ತಂತ್ರಾಂಶ ಹಾಕಿಕೊಟ್ಟು ಹೋದವರು ತಿಳಿಸಿರುವುದಿಲ್ಲ, ಇವರಿಗೆ ಕೇಳಬೇಕೆಂದು ಹೊಳೆದಿರುವುದಿಲ್ಲ.

ಕಾರಣ ಗೊತ್ತಾದರೆ ಇಂಥ ದಿನಗಳಲ್ಲಿ ಅರ್ಧದಷ್ಟರ ತೊಂದರೆ ಅಲ್ಲಿಗೇ ಪರಿಹಾರವಾಗುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇದ್ದು ರೌಟರಿಗೆ ಇಲ್ಲದಿರುವುದು ನಾನು ಅನೇಕ ಶಾಲೆಗಳಲ್ಲಿ ನೋಡಿರುವ ಕೊರತೆ. ಪರದೆ ಬೆಳಗುತ್ತಿರುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ. ರೌಟರ್ ಎಳೆಯುವ ವಿದ್ಯುತ್ ಬಹಳ ಕಡಿಮೆ, ಅದಕ್ಕೆಂದೇ ಸಣ್ಣ ಬ್ಯಾಟರಿ ಪೆಟ್ಟಿಗೆಗಳು ಪೇಟೆಯಲ್ಲಿ ಸಿಗುತ್ತವೆ. ಕೇಬಲ್ ಕಡಿದ ದಿನ ಶಾಲೆಯ ಮೊಬೈಲಿನ ಹಾಟ್‌ಸ್ಪಾಟ್ ಸಾಕು, ಏಕೆಂದರೆ ಪುಸ್ತಕ ವಿತರಣೆಯ ಪುಟಗಳಲ್ಲಿ ಅಕ್ಷರ, ಅಂಕಿ ಬಿಟ್ಟರೆ ಬೇರೇನೂ ಇರುವುದಿಲ್ಲ, ದುರ್ಬಲ ಸಿಗ್ನಲ್‌ನಲ್ಲೂ ಅವು ತೆರೆದುಕೊಳ್ಳುತ್ತವೆ.

ಇವೆಲ್ಲವೂ ಕೈಕೊಡುವ ದಿನಗಳು ಇದ್ದೇ ಇವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ದಿನಗಳನ್ನು ಕಂಡ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ದಿನಕ್ಕೆ ಕಾಗದ ಬೇಕು. ಬಸ್ಸಿನ ನಿರ್ವಾಹಕರ ಟಿಕೆಟ್ ಯಂತ್ರ ಕೆಟ್ಟರೆ ಅವರು ಪ್ರಯಾಣಿಕರನ್ನು ಇಳಿಸಿ ಬಸ್ಸನ್ನು ಡಿಪೋಗೆ ಒಯ್ಯುವುದಿಲ್ಲ. ಚೀಲದಲ್ಲಿರುವ ಕಾಗದದ ಟಿಕೆಟ್ ಹರಿದುಕೊಟ್ಟು ಮುಂದೆ ಸಾಗುತ್ತಾರೆ. ಗ್ರಂಥಾಲಯದಲ್ಲೂ ಅಂಥ ಒಂದು ಕಟ್ಟು ಸದಾ ಸಿದ್ಧವಾಗಿರಬೇಕು.

ಕಂಪ್ಯೂಟರ್ ಬರುವುದಕ್ಕೆ ಮುನ್ನ ಈ ಕೆಲಸ ಎಷ್ಟು ಚೊಕ್ಕವಾಗಿ ನಡೆಯುತ್ತಿತ್ತು ಎಂಬುದು ಹಿರಿಯ ಗ್ರಂಥಪಾಲಕರಿಗೆ ನೆನಪಿದೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ಬ್ರೌನ್ ಪದ್ಧತಿಯಲ್ಲಿ ಪ್ರತಿ ಪುಸ್ತಕದ ಒಳರಟ್ಟಿನ ಕಿಸೆಯಲ್ಲಿ ಒಂದು ಕಾರ್ಡ್ ಇರುತ್ತಿತ್ತು, ಓದುಗನ ಬಳಿ ಒಂದು ಪುಟ್ಟ ಚೀಟಿ. ಪುಸ್ತಕ ಕೊಡುವಾಗ ಆ ಕಾರ್ಡನ್ನು ಓದುಗನ ಚೀಟಿಯ ಕಿಸೆಗೆ ಸೇರಿಸಿ, ವಾಯಿದೆಯ ದಿನಾಂಕದ ಪ್ರಕಾರ ಪೆಟ್ಟಿಗೆಯಲ್ಲಿ ಜೋಡಿಸಿ, ಪುಸ್ತಕದಲ್ಲಿ ಅಂಟಿಸಿದ ದಿನಾಂಕ ಚೀಟಿಗೆ ಮೊಹರು ಒತ್ತಿದರೆ ಮುಗಿಯಿತು, ಒಂದಕ್ಷರ ಬರೆಯಬೇಕಾಗಿರಲಿಲ್ಲ. ಕಂಪ್ಯೂಟರ್ ಬಂದ ಉತ್ಸಾಹದಲ್ಲಿ ಎಷ್ಟೋ ಗ್ರಂಥಾಲಯಗಳು ಕಿಸೆ, ಕಾರ್ಡುಗಳನ್ನು ಕಿತ್ತುಹಾಕಿದವು. ಉಳಿದಿರುವಲ್ಲಿ ಅವನ್ನು ದಯವಿಟ್ಟು ಕೀಳಬೇಡಿ. ಕಿತ್ತಿರುವಲ್ಲಿ ಮತ್ತೆ ಅಂಟಿಸುವುದೂ ಬೇಡ, ಅದು ವ್ಯರ್ಥ ಶ್ರಮ. ಒಂದು ಆಪತ್ಕಾಲದ ವಹಿ ಸಾಕು.

ಆ ವಹಿ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅವಸರದಲ್ಲಿ ಬಿಡಿ ಹಾಳೆಗಳ ಮೇಲೆ ಗೀಚಿಟ್ಟದ್ದೇ ಮುಂದೆ ಜಗಳಕ್ಕೆ ಕಾರಣವಾಗುತ್ತದೆ. ಪುಟಕ್ಕೆ ಅನುಕ್ರಮ ಸಂಖ್ಯೆ ಹಾಕಿದ, ಹೊಲಿದ ವಹಿಯಾಗಿರಲಿ. ಪ್ರತಿ ಸಾಲಿನಲ್ಲಿ ದಿನಾಂಕ ಮತ್ತು ಹೊತ್ತು, ಕೊಟ್ಟದ್ದೋ ಮರಳಿ ಬಂದದ್ದೋ ಎಂಬ ಗುರುತು, ವಿದ್ಯಾರ್ಥಿಯ ಹೆಸರು, ತರಗತಿ ಮತ್ತು ದಾಖಲಾತಿ ಸಂಖ್ಯೆ, ಪುಸ್ತಕಕ್ಕೆ ಗ್ರಂಥಾಲಯ ಕೊಟ್ಟಿರುವ ಸಂಖ್ಯೆ, ಶೀರ್ಷಿಕೆಯ ಮೊದಲೆರಡು ಪದ, ವಾಯಿದೆ ದಿನಾಂಕ, ಕೊನೆಯಲ್ಲಿ ‘ಕಂಪ್ಯೂಟರಿಗೆ ಸೇರಿಸಿದೆ’ ಎಂದು ಗುರುತು ಹಾಕಲು ಖಾಲಿ ಜಾಗ. ಸಂಖ್ಯೆಯ ಜೊತೆಗೆ ಶೀರ್ಷಿಕೆಯ ಎರಡು ಪದ ಏಕೆಂದರೆ, 4172 ಎಂಬುದನ್ನು 4127 ಎಂದು ಬರೆದುಬಿಟ್ಟಾಗ ತಪ್ಪನ್ನು ಹಿಡಿದುಕೊಡುವುದು ಆ ಎರಡು ಪದಗಳೇ. ಹೆಸರು ಒಂದೇ ಸಾಲದು; ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ನಮ್ಮಲ್ಲಿ ಸಾಮಾನ್ಯ. ಬರೆಯಲು ಬಾಲ್‌ಪೆನ್ ಇರಲಿ, ಒದ್ದೆ ಕೈ ತಾಗಿದರೆ ಶಾಯಿ ಪೆನ್ನಿನ ಬರಹ ಹರಡುತ್ತದೆ.

ಕರಾವಳಿಯ ತೇವದ ಹವೆಯಲ್ಲಿ ಬಾರ್‌ಕೋಡ್ ಚೀಟಿಗಳ ಅಂಟು ಬಹುಕಾಲ ನಿಲ್ಲುವುದಿಲ್ಲ, ಅಗ್ಗದ ಕಾಗದದ ಮೇಲೆ ಬೂಷ್ಟು ಹಿಡಿದು ಗೆರೆಗಳು ಮಸುಕಾಗುತ್ತವೆ. ಆದ್ದರಿಂದ ಪುಸ್ತಕದ ಸಂಖ್ಯೆ ಮುಖಪುಟದ ಹಿಂದಿನ ಶೀರ್ಷಿಕೆ ಪುಟದಲ್ಲೂ, ಗ್ರಂಥಾಲಯದವರಿಗಷ್ಟೇ ಗೊತ್ತಿರುವ ಗುಟ್ಟಿನ ಪುಟದಲ್ಲೂ ಕೈಬರಹದಲ್ಲಿ ಇರಲೇಬೇಕು. ಇದು ಹಳೆಯ ಪದ್ಧತಿ. ಬಾರ್‌ಕೋಡ್ ಬಂದ ಮೇಲೆ ಹೊಸ ಪುಸ್ತಕಗಳಿಗೆ ಇದನ್ನು ಬಿಟ್ಟುಬಿಟ್ಟವರು ದಯವಿಟ್ಟು ಮತ್ತೆ ಆರಂಭಿಸಬೇಕು.

40 ಮಕ್ಕಳಿಗೆ 40 ನಿಮಿಷದಲ್ಲಿ ಬರೆದುಕೊಡಲು ಆಗುತ್ತದೆಯೇ ಎಂಬ ಅನುಮಾನ ಸಹಜ. ಮೇಜಿನ ಬಳಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡರೆ ಖಂಡಿತ ಆಗುತ್ತದೆ. ಒಬ್ಬಳು ಪುಸ್ತಕ ತೆರೆದು ಸಂಖ್ಯೆಯನ್ನು ಗಟ್ಟಿಯಾಗಿ, ಒಂದೊಂದೇ ಅಂಕಿಯಾಗಿ ಓದುತ್ತಾಳೆ: ನಾಲ್ಕು, ಒಂದು, ಏಳು, ಎರಡು. ಇನ್ನೊಬ್ಬ ಬರೆದು, ಬರೆದದ್ದನ್ನು ತಿರುಗಿ ಓದಿ ಹೇಳುತ್ತಾನೆ. ಪುಸ್ತಕ ಪಡೆಯುವ ಮಗು ಪಕ್ಕದಲ್ಲಿ ನಿಂತು ತನ್ನ ಹೆಸರಿನ ಸಾಲನ್ನು ನೋಡಿ ತಲೆಯಾಡಿಸುತ್ತದೆ. ಅಧ್ಯಾಪಕರು ದಿನಾಂಕದ ಮೊಹರು ಒತ್ತಿ ಪುಸ್ತಕ ಕೊಡುತ್ತಾರೆ. ತರಗತಿವಾರು ವಿದ್ಯಾರ್ಥಿಗಳ ಪಟ್ಟಿಯನ್ನು ವರ್ಷಾರಂಭದಲ್ಲೇ ಮುದ್ರಿಸಿ ಕಡತದಲ್ಲಿ ಇಟ್ಟುಕೊಂಡಿದ್ದರೆ ದಾಖಲಾತಿ ಸಂಖ್ಯೆ ಹುಡುಕುವ ಕೆಲಸವೂ ಇಲ್ಲ. ಏಳು ಎಂಟನೆಯ ತರಗತಿಯ ಮಕ್ಕಳು ಈ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದರೆ, ಅವರ ವಹಿಯ ಪುಟಗಳನ್ನು ನೋಡಿ ನನಗೆ ಹೆಮ್ಮೆಯೆನಿಸಿದೆ.

ಬ್ಯಾಟರಿ ಇರುವ ಲ್ಯಾಪ್‌ಟಾಪ್ ಶಾಲೆಯಲ್ಲಿದ್ದರೆ ಕೈಬರಹದ ಶ್ರಮವೂ ತಪ್ಪುತ್ತದೆ. ಸಾಮಾನ್ಯ ಬಾರ್‌ಕೋಡ್ ಸ್ಕ್ಯಾನರ್ ಕಂಪ್ಯೂಟರಿನ ಕಣ್ಣಿಗೆ ಒಂದು ಕೀಲಿಮಣೆಯಷ್ಟೇ. ಗ್ರಂಥಾಲಯದ ತಂತ್ರಾಂಶ ತೆರೆಯದಿದ್ದರೂ ಅದು ಓದಿದ ಸಂಖ್ಯೆಯನ್ನು ಎಕ್ಸೆಲ್‌ನಂಥ ಹಾಳೆಯಲ್ಲಿ ತಾನೇ ಟೈಪ್ ಮಾಡುತ್ತದೆ. ಒಂದು ಕಂಬಸಾಲಿನಲ್ಲಿ ವಿದ್ಯಾರ್ಥಿಯ ಸಂಖ್ಯೆ, ಪಕ್ಕದಲ್ಲಿ ಪುಸ್ತಕದ ಸಂಖ್ಯೆ, ಅದರ ಪಕ್ಕ ಹೊತ್ತು. ಇದರಲ್ಲಿ ಎಚ್ಚರ ತಪ್ಪಬಾರದ ಎರಡು ಕಡೆಗಳಿವೆ. ಸಂಖ್ಯೆಯ ಕಂಬಸಾಲುಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಹೊಂದಿಸಿರಬೇಕು. ಇಲ್ಲವಾದರೆ 00412 ಎಂಬುದು 412 ಆಗಿ ಕುಗ್ಗುತ್ತದೆ, ಉದ್ದದ ಸಂಖ್ಯೆಗಳು ಗುರುತೇ ಸಿಗದ ರೂಪಕ್ಕೆ ತಿರುಗುತ್ತವೆ, ಮರುದಿನ ತಂತ್ರಾಂಶ ಅವನ್ನು ಒಪ್ಪುವುದಿಲ್ಲ. ಎರಡನೆಯದು ಇನ್ನೂ ಅಪಾಯಕಾರಿ. ಪುಸ್ತಕದ ಹಿಂಬದಿಯಲ್ಲಿ ಪ್ರಕಾಶಕರು ಮುದ್ರಿಸಿದ 13 ಅಂಕಿಗಳ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಬಾರ್‌ಕೋಡ್ ಇರುತ್ತದೆ, ಗ್ರಂಥಾಲಯದ ಬಾರ್‌ಕೋಡ್ ಬೇರೆಡೆ ಇರುತ್ತದೆ. ತಂತ್ರಾಂಶ ನಡೆಯುತ್ತಿರುವಾಗ ತಪ್ಪು ಗೆರೆಯನ್ನು ಓದಿಸಿದರೆ ಅದು ಕೂಡಲೇ ತಕರಾರು ಮಾಡುತ್ತದೆ. ಎಕ್ಸೆಲ್ ಹಾಳೆ ಏನನ್ನೂ ಹೇಳದೆ ಬರೆದುಕೊಳ್ಳುತ್ತದೆ. ಒಂದೇ ಶೀರ್ಷಿಕೆಯ ಐದು ಪ್ರತಿಗಳಿಗೂ ಐಎಸ್‌ಬಿಎನ್ ಒಂದೇ ಆಗಿರುವುದರಿಂದ ಯಾರ ಕೈಗೆ ಯಾವ ಪ್ರತಿ ಹೋಯಿತೆಂದು ಆಮೇಲೆ ಬಿಡಿಸಲು ಸಾಧ್ಯವಾಗುವುದಿಲ್ಲ. ಹಾಳೆಯಲ್ಲಿ 978 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಂಡೊಡನೆ ನಿಲ್ಲಿಸಿ ಮತ್ತೆ ಓದಿಸಬೇಕು ಎಂದು ಮೇಜಿನಲ್ಲಿ ಕೂರುವ ಮಕ್ಕಳಿಗೆ ಹೇಳಿಕೊಟ್ಟರೆ ಸಾಕು, ಅವರು ನಮಗಿಂತ ಬೇಗ ಗುರುತಿಸುತ್ತಾರೆ.

ಕೋಹಾ ಬಳಸುವವರಿಗೆ ಇದಕ್ಕೆಂದೇ ಪ್ರತ್ಯೇಕ ಆಫ್‌ಲೈನ್ ಉಪಕರಣವಿದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ಮೊದಲೇ ಸ್ಥಾಪಿಸಿಟ್ಟರೆ ಸಂಪರ್ಕವಿಲ್ಲದ ಹೊತ್ತಿನ ವಿತರಣೆ, ವಾಪಸಾತಿಗಳನ್ನು ಸಮಯದ ಸಮೇತ ಒಂದು ಕಡತದಲ್ಲಿ ಕೂಡಿಟ್ಟು, ಸಂಪರ್ಕ ಬಂದ ಮೇಲೆ ಮುಖ್ಯ ತಂತ್ರಾಂಶಕ್ಕೆ ಒಮ್ಮೆಗೇ ಸೇರಿಸಬಹುದು. ಆದರೆ ಇಂಥ ಯಾವ ಸಾಧನಕ್ಕೂ, ನಮ್ಮ ವಹಿಗೂ, ಒಂದು ಮಿತಿ ಇದೆ: ಈ ಪುಸ್ತಕವನ್ನು ಬೇರೊಬ್ಬರು ಕಾದಿರಿಸಿದ್ದಾರೆಯೇ, ಈ ಮಗುವಿನ ಬಳಿ ಈಗಾಗಲೇ ಎಷ್ಟು ಪುಸ್ತಕಗಳಿವೆ, ಹಳೆಯದು ಬಾಕಿ ಇದೆಯೇ ಎಂಬುದು ಆ ಹೊತ್ತಿನಲ್ಲಿ ತಿಳಿಯುವುದಿಲ್ಲ. ಇದಕ್ಕೆ ನಾವು ಅನುಸರಿಸುವ ಕ್ರಮ ಸರಳವಾದದ್ದು. ಪ್ರತಿ ಸೋಮವಾರ ಬೆಳಿಗ್ಗೆ ಬಾಕಿ ಪುಸ್ತಕಗಳ ತರಗತಿವಾರು ಪಟ್ಟಿಯನ್ನು ಮುದ್ರಿಸಿ ವಹಿಯೊಳಗೆ ಇಟ್ಟುಕೊಳ್ಳುತ್ತೇವೆ. ಸಂಪರ್ಕವಿಲ್ಲದ ದಿನ ಮಗುವಿಗೆ ಒಂದೇ ಪುಸ್ತಕ, ಪರಾಮರ್ಶನ ಗ್ರಂಥಗಳು ಹೊರಗೆ ಹೋಗುವುದಿಲ್ಲ, ಆ ದಿನದ ವ್ಯವಹಾರಕ್ಕೆ ದಂಡವಿಲ್ಲ. ಕಾದಿರಿಸಿದವರಿಗೆ ಮುಂದಿನ ಸರದಿಯಲ್ಲಿ ಕೊಟ್ಟರಾಯಿತು. ಬಾಕಿ ಉಳಿಸಿಕೊಂಡ ಮಗುವಿಗೆ ಅಂದು ಇನ್ನೊಂದು ಪುಸ್ತಕ ಹೋಗಿಬಿಟ್ಟರೂ ಯಾರಿಗೂ ನಷ್ಟವಾಗುವುದಿಲ್ಲ. ಪುಸ್ತಕ ಇರುವುದು ಒಬ್ಬ ಓದುಗನ ಮನೆಯಲ್ಲೇ.

ಹಿಂದಿರುಗಿದ ಪುಸ್ತಕಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ಅವನ್ನು ಕಪಾಟಿಗೆ ಏರಿಸದೆ ಪ್ರತ್ಯೇಕ ಬುಟ್ಟಿಯಲ್ಲಿಟ್ಟು, ಸಂಪರ್ಕ ಬಂದ ಮೇಲೆ ಕಂಪ್ಯೂಟರಿನಲ್ಲಿ ಜಮಾ ಮಾಡಿಕೊಂಡ ನಂತರವೇ ಒಳಗೆ ಇಡಬೇಕು. ಇದೊಂದನ್ನು ಪಾಲಿಸಿದರೆ ಮುಂದೆ ತಲೆದೋರುವ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಸಂಪರ್ಕ ಮರಳಿದ ಮೇಲಿನ ಕೆಲಸ ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಹೆಚ್ಚಾಗಿ ಮುಂದೂಡಲ್ಪಡುವುದೂ ಅದೇ. ವಹಿಯಲ್ಲಿ ಬರೆದದ್ದನ್ನು ಮರುದಿನದ ಮೊದಲ ಅವಧಿಗೆ ಮುನ್ನ ಕಂಪ್ಯೂಟರಿಗೆ ಸೇರಿಸಬೇಕು, ಅದೂ ನಡೆದ ಕ್ರಮದಲ್ಲೇ. ಒಂದೇ ಪುಸ್ತಕ ಬೆಳಿಗ್ಗೆ ಒಬ್ಬನಿಂದ ಮರಳಿ ಮಧ್ಯಾಹ್ನ ಇನ್ನೊಬ್ಬಳಿಗೆ ಹೋಗಿದೆ ಎಂದಿಟ್ಟುಕೊಳ್ಳಿ. ಸೇರಿಸುವಾಗ ಮೊದಲು ವಿತರಣೆಯನ್ನೂ ಆಮೇಲೆ ವಾಪಸಾತಿಯನ್ನೂ ನಮೂದಿಸಿದರೆ, ಹುಡುಗಿಯ ಚೀಲದಲ್ಲಿರುವ ಪುಸ್ತಕ ಗ್ರಂಥಾಲಯದಲ್ಲೇ ಇದೆ ಎಂದು ಕಂಪ್ಯೂಟರ್ ತೋರಿಸುತ್ತದೆ. ವರ್ಷದ ಕೊನೆಯ ಎಣಿಕೆಯಲ್ಲಿ ಅದು ಕಳೆದುಹೋದ ಪುಸ್ತಕವಾಗುತ್ತದೆ. ಹೊತ್ತನ್ನು ಬರೆದಿಡಬೇಕು ಎಂದು ನಾನು ಒತ್ತಿ ಹೇಳಿದ್ದು ಇದಕ್ಕಾಗಿಯೇ. ವಾಯಿದೆ ದಿನಾಂಕವನ್ನು ಪುಸ್ತಕ ಕೊಟ್ಟ ದಿನದಿಂದಲೇ ಲೆಕ್ಕ ಹಾಕಬೇಕು, ಕಂಪ್ಯೂಟರಿಗೆ ಸೇರಿಸಿದ ದಿನದಿಂದ ಅಲ್ಲ. ಪುಸ್ತಕದಲ್ಲಿ ಒತ್ತಿದ ಮೊಹರಿಗೂ ಪರದೆಯ ಮೇಲಿನ ದಿನಾಂಕಕ್ಕೂ ತಾಳೆಯಾಗದಿದ್ದರೆ ಮಗು ಯಾವುದನ್ನು ನಂಬಬೇಕು? ಹಿಂದಿನ ದಿನಾಂಕಕ್ಕೆ ವಾಪಸಾತಿ ತೋರಿಸುವ, ವಾಯಿದೆಯನ್ನು ಕೈಯಿಂದ ನಮೂದಿಸುವ ಸೌಲಭ್ಯ ಕೋಹಾದಲ್ಲಿದೆ. ಬೇರೆ ತಂತ್ರಾಂಶ ಬಳಸುವವರು ತಮ್ಮದರಲ್ಲಿ ಅದು ಎಲ್ಲಿದೆಯೆಂದು ಮಳೆ ಬರುವ ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಸೇರಿಸಿದ ಪ್ರತಿ ಸಾಲಿಗೂ ಗುರುತು ಹಾಕಬೇಕು, ಪುಟದ ಕೆಳಗೆ ಸೇರಿಸಿದವರು ಸಹಿ ಮಾಡಬೇಕು, ಆ ವರ್ಷದ ಪುಸ್ತಕ ಎಣಿಕೆ ಮುಗಿಯುವ ತನಕ ವಹಿಯನ್ನು ಎಸೆಯಬಾರದು.

ವಹಿಯ ಪುಟದ ಫೋಟೋ ತೆಗೆದು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಕೆಲವೆಡೆ ಬೆಳೆದಿದೆ. ಇದು ಸಲ್ಲದು. ಯಾವ ಮಗು ಏನು ಓದುತ್ತಿದೆ ಎಂಬುದು ಆ ಮಗುವಿನ ಸ್ವಂತ ವಿಷಯ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ವಹಿ ಮೇಜಿನ ಮೇಲೆ ತೆರೆದು ಬಿದ್ದಿರದೆ ಬೀಗದೊಳಗೆ ಇರಲಿ.

ಇಷ್ಟೆಲ್ಲ ಸುಲಭವಾಗಿದ್ದರೂ ‘ಇವತ್ತು ಪುಸ್ತಕ ಇಲ್ಲ’ ಎಂಬ ಮಾತು ಏಕೆ ಬರುತ್ತದೆ? ನನ್ನ ತಿಳಿವಳಿಕೆಯ ಮಟ್ಟಿಗೆ ಅದರ ಮೂಲ ಸೋಮಾರಿತನ ಅಲ್ಲ, ಭಯ. ನಮ್ಮ ಬಹುತೇಕ ಸರಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ಭಾಷಾ ಶಿಕ್ಷಕರೊಬ್ಬರು ಪಾಠದ ನಡುವೆ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಾರೆ. ಪುಸ್ತಕ ಕಳೆದರೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವರು ಅವರು, ಕೆಲವೊಮ್ಮೆ ಸಂಬಳದಿಂದ ತುಂಬಿಕೊಡಬೇಕಾದವರೂ ಅವರೇ. ದಾಖಲೆ ಗಟ್ಟಿಯಿಲ್ಲದ ದಿನ ಅವರು ಕಪಾಟಿಗೆ ಬೀಗ ಹಾಕಿದರೆ ಅವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯ ನಿಯಮ ಈ ಬಗ್ಗೆ ಬಹಳ ವಿವೇಕದ ಮಾತನ್ನು ಹೇಳುತ್ತದೆ: ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1000 ಪುಸ್ತಕಗಳಿಗೆ 5 ಪುಸ್ತಕಗಳು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು, 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದೇ ಅಳತೆಯನ್ನು ನಮ್ಮ ರಾಜ್ಯದ ಶಾಲೆಗಳಿಗೂ, ಖಾಸಗಿ ಆಡಳಿತ ಮಂಡಳಿಗಳಿಗೂ ಲಿಖಿತ ಆದೇಶದ ಮೂಲಕ ತಿಳಿಸಿ, ಆಪತ್ಕಾಲದ ವಹಿಯನ್ನು ಅಧಿಕೃತ ದಾಖಲೆಯೆಂದು ಮಾನ್ಯ ಮಾಡಿದರೆ ಶಿಕ್ಷಕರ ಭಯ ಹೋಗುತ್ತದೆ, ಬೀಗ ತಾನಾಗಿಯೇ ತೆರೆಯುತ್ತದೆ.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಅಂದರೆ ಇಂದಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ಪೈಕಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎನ್ನುತ್ತದೆ, ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಮಗುವಿನ ವಾರವನ್ನೇ ಕಳೆಯುವ ವ್ಯವಸ್ಥೆ ಈ ಎರಡಕ್ಕೂ ವಿರುದ್ಧವಾದದ್ದು. ಅವರು ಪಾಠ ಹೇಳಿದ ನೆಲದಲ್ಲಿ ಅದು ನಡೆಯಬಾರದು ಎಂಬ ಅಭಿಮಾನ ನನಗಿದೆ.

ಹೊಸದಾಗಿ ತಂತ್ರಾಂಶ ಕೊಳ್ಳುವ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಪ್ರದರ್ಶನಕ್ಕೆ ಬರುವ ಮಾರಾಟ ಪ್ರತಿನಿಧಿಗಳ ಎದುರಿನಲ್ಲೇ ರೌಟರಿನ ಕೇಬಲ್ ಕಿತ್ತು, ಈಗ ಒಂದು ಪುಸ್ತಕ ಕೊಟ್ಟು ತೋರಿಸಿ ಎಂದು ಕೇಳಿ. ದಾಖಲೆಗಳನ್ನೆಲ್ಲ ನಮಗೆ ಬೇಕಾದಾಗ ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳಬಹುದೇ ಎಂದೂ ಕೇಳಿ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಆ ತಂತ್ರಾಂಶ ನಮ್ಮ ಕರಾವಳಿಗೆ ತಕ್ಕುದಲ್ಲ.

ಉಭಯ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳು, ಶಾಲೆ ಪುನರಾರಂಭಕ್ಕೆ ಮೊದಲು ಮೇ ತಿಂಗಳ ಕೊನೆಯಲ್ಲಿ ನಡೆಯುವ ಸಿದ್ಧತೆಗಳೊಂದಿಗೆ, ಗ್ರಂಥಾಲಯದ ಹೊಣೆ ಹೊತ್ತ ಶಿಕ್ಷಕರಿಗೆ ಅರ್ಧ ದಿನದ ತರಬೇತಿಯನ್ನು ಏರ್ಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಂಪ್ಯೂಟರನ್ನು ಬೇಕೆಂದೇ ಆರಿಸಿ, ವಹಿಯಲ್ಲಿ ಬರೆದು, ಮತ್ತೆ ಕಂಪ್ಯೂಟರಿಗೆ ಸೇರಿಸುವುದನ್ನು ಒಮ್ಮೆ ಕೈಯಾರೆ ಮಾಡಿಸಿದರೆ ಸಾಕು. ಜೊತೆಗೆ ಪ್ರತಿ ಶಾಲೆಗೆ ಒಂದೇ ಮಾದರಿಯ ವಹಿ ಮತ್ತು ಒಂದು ದಿನಾಂಕದ ಮೊಹರು ಕೊಡಿಸಿದರೆ, ಅದರ ಖರ್ಚನ್ನು ಶಾಲಾ ಗ್ರಂಥಾಲಯಕ್ಕೆ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಅನುದಾನದಲ್ಲೇ ಭರಿಸಲು ಅನುಮತಿ ಕೊಟ್ಟರೆ, ಮುಂದಿನ ಜೂನ್ ತಿಂಗಳಲ್ಲೇ ಈ ಕ್ರಮವನ್ನು ಆರಂಭಿಸಬಹುದು. ಮಾದರಿ ವಹಿಯ ನಮೂನೆಯನ್ನು ಸಿದ್ಧಪಡಿಸಿಕೊಡಲು ನನ್ನಂಥ ಅನೇಕ ಶಿಕ್ಷಕರು ತಯಾರಿದ್ದೇವೆ.

ಇತಿ,
ಶಾಲಾ ಗ್ರಂಥಾಲಯದ ಹೊಣೆ ಹೊತ್ತ ಕನ್ನಡ ಅಧ್ಯಾಪಕಿ,
ಉಡುಪಿ